ಬೇಡ ಅಂದ್ರೆ ನಿಲ್ಲುತ್ತೆ, ಬೇಕು ಅಂದ್ರೆ ಯಾಕೆ ಬರಲ್ಲ? ಬಸ್ಸು, ರೈಲಿನ ಲೆಕ್ಕ ಕೇಳಿದವರ ಇತಿಹಾಸ

ಭಾಗ 1/10

ಬಸ್ ಲೇಟಾದ್ರೆ ನೀವು ಯಾರನ್ನ ಬೈತೀರಿ?

ಕಂಡಕ್ಟರನ್ನ, ಅಲ್ವಾ? ಹೆಚ್ಚೆಂದ್ರೆ ಡ್ರೈವರನ್ನ. ಆದ್ರೆ ಸ್ವಲ್ಪ ಯೋಚನೆ ಮಾಡಿ. ಆ ರೂಟಿಗೆ ದಿನಕ್ಕೆ ಎಷ್ಟು ಬಸ್ ಬಿಡಬೇಕು ಅಂತ ಕಂಡಕ್ಟರ್ ತೀರ್ಮಾನ ಮಾಡಲ್ಲ. ಟಿಕೆಟ್ ದರ ಅವರು ಬರೆಯಲ್ಲ. ಹೊಸ ಬಸ್ ಖರೀದಿ ಅವರ ಕೈಲಿಲ್ಲ. ಇಡೀ ವ್ಯವಸ್ಥೆಯಲ್ಲಿ ಅಧಿಕಾರ ಅತಿ ಕಡಿಮೆ ಇರೋ ಮನುಷ್ಯನಿಗೆ ಬೈಗುಳ ಅತಿ ಹೆಚ್ಚು ಬೀಳುತ್ತೆ. ಯಾಕಂದ್ರೆ ನಮ್ಮ ಕಣ್ಣಿಗೆ ಕಾಣೋದು ಅವರೊಬ್ಬರೇ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದ್ರೆ ಹಳ್ಳಿಯಿಂದ ಕಾಲೇಜಿಗೆ ಬರೋರಿಗೆ ಗೊತ್ತು, ಬಸ್ ಅಂದ್ರೆ ಬರೀ ಬಸ್ಸಲ್ಲ. ಸಂಜೆಯ ಕೊನೆಯ ಬಸ್ ಎಷ್ಟೊತ್ತಿಗೆ ಅನ್ನೋದರ ಮೇಲೆ ಒಬ್ಬ ಹುಡುಗಿ ಯಾವ ಕೋರ್ಸ್ ತಗೋಬಹುದು, ಲೈಬ್ರರಿಯಲ್ಲಿ ಎಷ್ಟು ಹೊತ್ತು ಕೂರಬಹುದು, ಪಾರ್ಟ್ ಟೈಮ್ ಕೆಲಸಕ್ಕೆ ಹೋಗಬಹುದಾ ಇಲ್ವಾ ಅನ್ನೋದೆಲ್ಲ ತೀರ್ಮಾನ ಆಗಿಬಿಡುತ್ತೆ. ಮನೆಯವರು ಬೇಡ ಅನ್ನೋಕೂ ಮುಂಚೆ ಟೈಮ್‌ಟೇಬಲ್ ಬೇಡ ಅಂದಿರುತ್ತೆ.

ಹಾಗಾಗಿ ಈ ಸಲದ ಸರಣಿ ಇದರ ಮೇಲೆ. ಬಸ್ಸು, ರೈಲು, ಮೆಟ್ರೋ ವಿಷಯದಲ್ಲಿ ಸಾಮಾನ್ಯ ಜನ ಅಧಿಕಾರದಲ್ಲಿ ಇರೋರನ್ನ ನಿಲ್ಲಿಸಿ ಲೆಕ್ಕ ಕೇಳಿದ ಕಥೆಗಳು. ಕೆಲವು ಕಡೆ ಜನ ಗೆದ್ದಿದ್ದಾರೆ, ಕೆಲವು ಕಡೆ ಹತ್ತಾರು ವರ್ಷ ಕಾದಿದ್ದಾರೆ. ಈ ಕಥೆಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ವಿಚಿತ್ರ ಕಾಣಿಸ್ತು. ಜನ 'ಬೇಡ' ಅಂದಿದ್ದು ಬೇಗ ನಿಂತಿದೆ. ಜನ 'ಬೇಕು' ಅಂದಿದ್ದು ಬರ್ತಾನೇ ಇದೆ, ಇನ್ನೂ ಬಂದಿಲ್ಲ. ಯಾಕೆ ಹೀಗೆ? ಹತ್ತು ಭಾಗ ಇದೆ. ಸೇವ್ ಮಾಡಿಟ್ಟು ನಿಧಾನಕ್ಕೆ ಓದಿ.

ಭಾಗ 2/10

ಮೊದಲು ಮುಖ್ಯ ಪ್ರಶ್ನೆ. ನಮ್ಮ ಬಸ್ಸಿಗೆ ಜವಾಬ್ದಾರಿ ಯಾರು?

ನಮ್ಮೂರು ಹಣಕೋಣವನ್ನೇ ತಗೊಳ್ಳಿ. ಇಲ್ಲಿಂದ ಕಾರವಾರಕ್ಕೆ ಹೋಗೋದಂದ್ರೆ ಸದಾಶಿವಗಡ ದಾಟಿ, ಕಾಳಿ ಸೇತುವೆ ಹತ್ತಿ, ಕೋಡಿಬಾಗಕ್ಕೆ ಇಳಿಯಬೇಕು. ಬಸ್ ಬಿಡೋದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರೆ ಆದ ಸಂಸ್ಥೆ ಇದು. ಇದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ. ನಮ್ಮ ವಿಭಾಗದ ಕಚೇರಿ ಶಿರಸಿಯಲ್ಲಿ. ಡಿಪೋ ಕಾರವಾರದಲ್ಲಿ. ದರ ಏರಿಸೋ ತೀರ್ಮಾನ ಬೆಂಗಳೂರಿನ ಸಚಿವ ಸಂಪುಟದಲ್ಲಿ. 2025ರ ಜನವರಿ 5ರಿಂದ ಟಿಕೆಟ್ ದರ 15% ಏರಿತಲ್ಲ, ಅದು ರಾಜ್ಯದ ನಾಲ್ಕೂ ಸಾರಿಗೆ ಸಂಸ್ಥೆಗಳಿಗೆ ಒಂದೇ ಸಲ ಆದ ತೀರ್ಮಾನ. ಅಂದ್ರೆ ಕಡಲ ತೀರದ ಒಂದು ಹಳ್ಳಿಯ ಬಸ್ಸಿನ ಹಿಂದೆ ಕಾರವಾರ, ಶಿರಸಿ, ಹುಬ್ಬಳ್ಳಿ, ಬೆಂಗಳೂರು ಅಂತ ನಾಲ್ಕು ಊರು ಇದೆ. ಇದರಲ್ಲಿ ಎಲ್ಲೂ ನಮ್ಮ ಪಂಚಾಯತಿ ಸದಸ್ಯರು ಇಲ್ಲ, ಕಾರವಾರ ನಗರಸಭೆಯವರೂ ಇಲ್ಲ.

ಇದು ಆಕಸ್ಮಿಕ ಅಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಆಗ ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಮಾಡಿದ್ರು. ಅದು 12ನೇ ಅನುಸೂಚಿ. ಅದರಲ್ಲಿ ರಸ್ತೆ ಇದೆ, ಸೇತುವೆ ಇದೆ, ಬೀದಿ ದೀಪ ಇದೆ, ಬಸ್ ಸ್ಟಾಪ್ ಕೂಡ ಇದೆ. ಬಸ್ ಇಲ್ಲ! ನಿಲ್ದಾಣ ಕಟ್ಟೋದು ನಗರಸಭೆ, ಅಲ್ಲಿ ಬಂದು ನಿಲ್ಲಬೇಕಾದ್ದು ಬೇರೆಯವರ ಸ್ವತ್ತು. ಪಂಚಾಯತಿಗಳ 11ನೇ ಅನುಸೂಚಿ ನೋಡಿದ್ರೆ ಅಲ್ಲಿ ಕಿರುಸೇತುವೆ ಇದೆ, ದೋಣಿ ದಾಟು ಕೂಡ ಇದೆ. ಬಸ್ ಅನ್ನೋ ಶಬ್ದ ಅಲ್ಲೂ ಇಲ್ಲ.

ಹಾಗಾಗಿ ನೀವು ವೋಟು ಹಾಕೋ ಅತಿ ಹತ್ತಿರದ ಮನುಷ್ಯನಿಗೆ ನಿಮ್ಮ ಬಸ್ಸಿನ ಮೇಲೆ ಅಧಿಕಾರ ಇಲ್ಲ. ಅಧಿಕಾರ ಇರೋರು ನಿಮ್ಮಿಂದ ತುಂಬಾ ದೂರ. ಮುಂದೆ ಬರೋ ಹೋರಾಟಗಳೆಲ್ಲ ಈ ದೂರದ ಜೊತೆಗೇ ಗುದ್ದಾಡಿವೆ.

ಭಾಗ 3/10

ಬೆಂಗಳೂರಿಗೆ ಹೋಗೋ ಮೊದಲು 1950ರ ದಶಕದ ಎರಡು ಹಳೆಯ ಕಥೆ, ಚಿಕ್ಕದಾಗಿ. ಎರಡರಲ್ಲೂ ಸಾಮಾನ್ಯ ಪ್ರಯಾಣಿಕರೇ ಹೀರೋ.

ಮೊದಲನೇದು ಕಲ್ಕತ್ತಾ, 1953ರ ಜುಲೈ. ಟ್ರಾಂ ಓಡಿಸ್ತಾ ಇದ್ದದ್ದು ಬ್ರಿಟಿಷ್ ಒಡೆತನದ ಕಂಪನಿ. ಎರಡನೇ ದರ್ಜೆಯ ಟಿಕೆಟ್ ಒಂದು ಪೈಸೆ ಜಾಸ್ತಿ ಮಾಡಿದ್ರು. ಬರೀ ಒಂದು ಪೈಸೆ. ಜನ ಟ್ರಾಂ ಹತ್ತಿದ್ರು, ಹಳೇ ದರ ಮುಂದಿಟ್ರು, ಆ ಹೆಚ್ಚುವರಿ ಒಂದು ಪೈಸೆ ಮಾತ್ರ ಕೊಡಲ್ಲ ಅಂದ್ರು. ಬಂಧನ, ಲಾಠಿ, ಬಹಿಷ್ಕಾರ ಎಲ್ಲ ಆಯ್ತು. ತಿಂಗಳು ಮುಗಿಯೋದರೊಳಗೆ ಏರಿಕೆ ಹಿಂದಕ್ಕೆ ಹೋಯ್ತು. ಕಂಪನಿಗೆ ಪರ್ಮಿಷನ್ ಕೊಟ್ಟ ಸರ್ಕಾರವೇ ಬಗ್ಗಬೇಕಾಯ್ತು.

ಎರಡನೇದು ನಿಮಗೆ ಗೊತ್ತಿರೋದೇ. ಅಮೆರಿಕದ ಮಾಂಟ್ಗೊಮೆರಿ, 1955. ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲ್ಲ ಅಂದಿದ್ದಕ್ಕೆ ಡಿಸೆಂಬರ್ 1ರಂದು ಬಂಧನ ಆಯ್ತು. ಡಿಸೆಂಬರ್ 5ರಿಂದ ಊರಿನ ಕಪ್ಪು ಜನ ಬಸ್ ಹತ್ತೋದನ್ನೇ ಬಿಟ್ಟರು. 381 ದಿನ! ಕೆಲಸಕ್ಕೆ ನಡೆದುಕೊಂಡು ಹೋದ್ರು, ಕಾರು ಹಂಚಿಕೊಂಡ್ರು. ಆದ್ರೆ ಪಠ್ಯದಲ್ಲಿ ಎರಡು ಸಂಗತಿ ಹೇಳೋದು ಕಡಿಮೆ. ಒಂದು, ಶುರುವಿನಲ್ಲಿ ಅವರ ಬೇಡಿಕೆ ಮೂರೇ ಮೂರು, ಅವೂ ತುಂಬಾ ಸ್ಪಷ್ಟ: ಚಾಲಕರು ಮರ್ಯಾದೆಯಿಂದ ಮಾತಾಡಬೇಕು, ಮೊದಲು ಬಂದವರಿಗೆ ಮೊದಲು ಸೀಟು, ಕಪ್ಪು ಜನ ಹೆಚ್ಚಿರೋ ರೂಟಿಗೆ ಕಪ್ಪು ಚಾಲಕರು. ಎರಡು, ಅಂತಿಮವಾಗಿ ಗೆದ್ದ ಕೋರ್ಟ್ ಕೇಸಿನ ಹೆಸರು ಬ್ರೌಡರ್ ವಿರುದ್ಧ ಗೇಲ್. ಈ ಗೇಲ್ ಯಾರು? ಆ ಊರಿನ ಮೇಯರ್. ಬಸ್ ಚಾಲಕರನ್ನ ಬೈದು ಸುಮ್ಮನಾಗಲಿಲ್ಲ, ಮೇಯರ್ ಹೆಸರನ್ನೇ ಕೇಸಿನ ಮೇಲೆ ಬರೆಸಿದ್ರು.

ಇದನ್ನ ನೆನಪಿಟ್ಟುಕೊಳ್ಳಿ. ಬೇಡಿಕೆ ಸ್ಪಷ್ಟ, ಹೆಸರು ಸ್ಪಷ್ಟ. ಈಗ ಬೆಂಗಳೂರಿಗೆ ಬನ್ನಿ.

ಭಾಗ 4/10

2016, ಬೆಂಗಳೂರು. 'ಬೇಡ' ಅನ್ನೋ ಕನ್ನಡ ಪದ ದೇಶದ ಸುದ್ದಿ ಆದ ವರ್ಷ.

ಆಗ ರಾಜ್ಯ ಸರ್ಕಾರ ಒಂದು ಯೋಜನೆ ಒಪ್ಪಿಕೊಂಡಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ. ಉದ್ದ ಸುಮಾರು 6.7 ಕಿಲೋಮೀಟರ್. ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರ 812. ವಿಮಾನ ನಿಲ್ದಾಣದ ಕಡೆ ಹೋಗೋ ಕಾರುಗಳು ಸರಾಗವಾಗಿ ಹೋಗಲಿ ಅನ್ನೋದು ಉದ್ದೇಶ.

ನಾವು ಕಾಮರ್ಸ್‌ನೋರು, ಕ್ಯಾಲ್ಕುಲೇಟರ್ ತಗೊಳ್ಳೋಣ. 1,791 ಕೋಟಿಯನ್ನ 6.7ರಿಂದ ಭಾಗಿಸಿದ್ರೆ ಒಂದು ಕಿಲೋಮೀಟರಿಗೆ ಸುಮಾರು 267 ಕೋಟಿ. ಒಂದು ಬಸ್ಸಿಗೆ ಧಾರಾಳವಾಗಿ ಒಂದು ಕೋಟಿ ಅಂತ ಹಿಡಿದ್ರೂ ಅದೇ ದುಡ್ಡಲ್ಲಿ 1,791 ಬಸ್ಸು. ಪ್ರಶ್ನೆ ಬರೀ ಮರದ್ದಲ್ಲ. ಸಾರ್ವಜನಿಕ ದುಡ್ಡು ಕಾರಿನವರಿಗೋ, ಬಸ್ಸು ರೈಲಿನವರಿಗೋ ಅನ್ನೋದೂ ಪ್ರಶ್ನೆಯೇ.

ಜನರಿಗೆ ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ಕೇಳಲೇ ಇಲ್ಲ ಅಂತ. ಕೋಟಿ ಜನರ ಊರಲ್ಲಿ ಇಮೇಲ್ ಮೂಲಕ ಬಂದ ಕೆಲವೇ ನೂರು ಅಭಿಪ್ರಾಯಗಳನ್ನ ಹಿಡಿದು ಸಾರ್ವಜನಿಕರ ಸಮಾಲೋಚನೆ ಮುಗೀತು ಅಂದ್ರು. ಯೋಜನೆಯ ಪೂರ್ತಿ ವರದಿ ಎಲ್ಲಿ, ಪರಿಸರದ ಅನುಮತಿ ಎಲ್ಲಿ ಅಂತ ಕೇಳಿದ್ರೆ ಸರಿಯಾದ ಉತ್ತರ ಇಲ್ಲ.

2016ರ ಅಕ್ಟೋಬರ್ 16, ಭಾನುವಾರ. ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿದ್ರು. ಮಕ್ಕಳು, ಅಜ್ಜ ಅಜ್ಜಿ, ಐಟಿ ಕಂಪನಿಯೋರು, ಕಲಾವಿದರು. ಸಿಟಿಜನ್ಸ್ ಫಾರ್ ಬೆಂಗಳೂರು ಅನ್ನೋ ವೇದಿಕೆ ಮುಂದೆ ನಿಂತಿತ್ತು. ಘೋಷಣೆ ಒಂದೇ: ಸ್ಟೀಲ್ ಫ್ಲೈಓವರ್ ಬೇಡ. ಇಂಗ್ಲಿಷ್ ಮಾತಾಡೋ ಅಪಾರ್ಟ್‌ಮೆಂಟಿನವರೂ 'ಬೇಡ' ಅಂತಾನೇ ಬರೆದ್ರು.

ಆ ತಿಂಗಳ ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ತಾತ್ಕಾಲಿಕ ತಡೆ ಕೊಟ್ಟಿತು. 2017ರ ಮಾರ್ಚ್ 2ರಂದು ಅಂದಿನ ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟಿದ್ದೇವೆ ಅಂತ ಘೋಷಿಸಿದ್ರು.

ಮಾನವ ಸರಪಳಿಯಿಂದ ಘೋಷಣೆಯವರೆಗೆ ಐದು ತಿಂಗಳೂ ಆಗಿರಲಿಲ್ಲ.

ಭಾಗ 5/10

ಇಷ್ಟು ಬೇಗ ಹೇಗೆ ಗೆದ್ದರು?

ಜನ ಸೇರಿದ್ದರಿಂದ ಅನ್ನೋದು ಅರ್ಧ ಉತ್ತರ. ಆಗ ಯೋಜನೆಯಲ್ಲಿ ಲಂಚದ ಆರೋಪವೂ ಎದ್ದಿತ್ತು, ವಿರೋಧ ಪಕ್ಷ ಅದನ್ನ ಹಿಡಿದು ಎಳೀತಾ ಇತ್ತು, ಮುಂದಿನ ವರ್ಷ ವಿಧಾನಸಭಾ ಚುನಾವಣೆ. ಇದೆಲ್ಲ ಸೇರಿ ಸರ್ಕಾರಕ್ಕೆ ಹಿಂದೆ ಸರಿಯೋದೇ ಸುಲಭ ಅನ್ನಿಸ್ತು. ಹೋರಾಟದ ಕಥೆ ಹೇಳುವಾಗ ಈ ಭಾಗ ಬಿಟ್ಟುಬಿಟ್ಟರೆ ಅದು ಪೂರ್ತಿ ಕಥೆ ಆಗಲ್ಲ.

ಆದ್ರೂ ಒಂದು ಮುಖ್ಯ ವಿಷಯ ಗಮನಿಸಿ. 'ಬೇಡ' ಅಂದಾಗ ಬೇಕಾಗಿದ್ದು ಎಷ್ಟು ಜನರ ಸಹಿ? ಒಂದು. ಯೋಜನೆ ರದ್ದು ಅಂತ ಒಬ್ಬ ಸಚಿವರು ಹೇಳಿದ್ರೆ ಸಾಕು. ಜಮೀನು ಬೇಡ, ಟೆಂಡರ್ ಬೇಡ, ಕಾಮಗಾರಿ ಬೇಡ. ಕೋರ್ಟಿಗೂ 'ನಿಲ್ಲಿಸಿ' ಅನ್ನೋದು ಸುಲಭ, ಒಂದು ಸಾಲಿನ ಆದೇಶ. 'ಕಟ್ಟಿ' ಅಂತ ಹೇಳೋದು ಕಷ್ಟ. ಏನನ್ನೂ ಮಾಡದೇ ಇರೋದೇ ಗೆಲುವು ಅಂದ್ರೆ ಅಂಥ ಗೆಲುವು ಬೇಗ ಸಿಗುತ್ತೆ.

ಇನ್ನೊಂದು ಮಾತು. ಬೇಡ ಅಂದಿದ್ದು ಸತ್ತು ಹೋಗಲ್ಲ, ಮಲಗಿರುತ್ತೆ. 2019ರಲ್ಲಿ ಬೇರೆ ಸರ್ಕಾರ ಇದ್ದಾಗ ಅದೇ ಉಕ್ಕಿನ ಸೇತುವೆಯ ಮಾತು ಮತ್ತೆ ಎದ್ದಿತು, ಮತ್ತೆ ಜನ ಎದ್ದರು, ಮತ್ತೆ ನಿಂತಿತು. ಅದೇ ವರ್ಷ ನೂರು ಕಿಲೋಮೀಟರ್ ದಾಟೋ ಎತ್ತರಿಸಿದ ರಸ್ತೆಗಳ ಯೋಜನೆ ಬಂತು, ಅದಕ್ಕೆ 'ಟೆಂಡರ್ ರದ್ದು ಮಾಡಿ' ಅಂತ ಮಾರ್ಚ್‌ನಲ್ಲಿ ಮೆರವಣಿಗೆ ಆಯ್ತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆ, 17,000 ಕೋಟಿಗೂ ಹೆಚ್ಚು. ಅದಕ್ಕೂ ಜನ ಲಾಲ್‌ಬಾಗ್‌ನಲ್ಲಿ ನಿಂತು ಪ್ರಶ್ನೆ ಕೇಳಿದ್ರು. ಹೆಬ್ಬಾಳದ ಹೆಸರು ಮಾತ್ರ ಎಲ್ಲದರಲ್ಲೂ ಇದ್ದೇ ಇರುತ್ತೆ ನೋಡಿ.

ಸರಿ, 'ಬೇಡ' ಅಂತ ಗೆದ್ದವರಿಗೆ ಎದುರಾದ ಪ್ರಶ್ನೆ ಒಂದೇ. ಇದು ಬೇಡ ಅಂದ್ರೆ ನಿಮಗೆ ಬೇಕಾಗಿದ್ದು ಏನು? ಅವರ ಹತ್ತಿರ ಉತ್ತರ ಇತ್ತು.

ಭಾಗ 6/10

ಉತ್ತರ: ಚುಕು ಬುಕು ಬೇಕು.

ಮೇಲ್ಸೇತುವೆ ಹೋರಾಟ ಇನ್ನೂ ಮುಗಿದಿರಲಿಲ್ಲ. 2016ರ ಡಿಸೆಂಬರ್‌ನಲ್ಲೇ ಅದೇ ಜನ ರೈಲು ನಿಲ್ದಾಣಗಳಿಗೆ ಬಂದು 'ಚುಕು ಬುಕು ಬೇಕು' ಅಂದ್ರು. ಬೆಂಗಳೂರಿನ ಸುತ್ತ ಹಳಿ ಈಗಾಗಲೇ ಇದೆ, ಅದರ ಮೇಲೆ ಮುಂಬೈ ಲೋಕಲ್ ಥರ ಉಪನಗರ ರೈಲು ಓಡಿಸಿ ಅನ್ನೋದು ಬೇಡಿಕೆ. ಮುಂದಿನ ವರ್ಷ 'ಬಸ್ ಭಾಗ್ಯ ಬೇಕು' ಅಂತ ಇನ್ನೊಂದು ಅಭಿಯಾನ. ಬಸ್ ಜಾಸ್ತಿ ಮಾಡಿ, ದರ ಇಳಿಸಿ ಅಂತ.

ಉಪನಗರ ರೈಲು ಹೊಸ ಐಡಿಯಾ ಏನಲ್ಲ. 1983ರಲ್ಲೇ ದಕ್ಷಿಣ ರೈಲ್ವೆಯ ತಂಡ ಇದು ಬೇಕು ಅಂದಿತ್ತು. ನಾನು ಹುಟ್ಟೋಕೆ ಎರಡು ದಶಕಕ್ಕೂ ಮುಂಚೆ! ನಡುವೆ ಎಷ್ಟೋ ವರದಿ ಬಂದವು, ಹೋದವು.

ಈಗ ದಿನಾಂಕಗಳನ್ನ ಸಾಲಾಗಿ ಇಡ್ತೀನಿ, ನೀವೇ ನೋಡಿ.

1983: ಮೊದಲ ಶಿಫಾರಸು.
2016 ಡಿಸೆಂಬರ್: ಚುಕು ಬುಕು ಬೇಕು.
2018 ಫೆಬ್ರವರಿ: ಕೇಂದ್ರ ಬಜೆಟ್‌ನಲ್ಲಿ ಘೋಷಣೆ. 160 ಕಿಲೋಮೀಟರ್, 17,000 ಕೋಟಿ.
2020 ಅಕ್ಟೋಬರ್: ಕೇಂದ್ರ ಸಂಪುಟ ಸಮಿತಿಯ ಒಪ್ಪಿಗೆ. ಈಗ 148 ಕಿಲೋಮೀಟರ್, 15,767 ಕೋಟಿ.
2022 ಜೂನ್ 20: ಪ್ರಧಾನಿಯಿಂದ ಶಂಕುಸ್ಥಾಪನೆ. 40 ತಿಂಗಳಲ್ಲಿ ಕನಸು ನನಸು ಅನ್ನೋ ಭರವಸೆ.
2025 ಅಕ್ಟೋಬರ್: 40 ತಿಂಗಳು ಮುಗೀತು. ಒಂದು ಉಪನಗರ ರೈಲೂ ಓಡಿರಲಿಲ್ಲ.

ನಾಲ್ಕು ಮಾರ್ಗಕ್ಕೆ ಎಷ್ಟು ಚಂದ ಹೆಸರಿಟ್ಟಿದ್ದಾರೆ ಗೊತ್ತಾ? ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಹೂವಿನ ಹೆಸರು ಬಂದಿದೆ, ಹೂವು ಬಿಟ್ಟಿಲ್ಲ.

ಮತ್ತೆ ಕ್ಯಾಲ್ಕುಲೇಟರ್: 15,767 ಭಾಗಿಸು 148 ಅಂದ್ರೆ ಕಿಲೋಮೀಟರಿಗೆ ಸುಮಾರು 106 ಕೋಟಿ. ಉಕ್ಕಿನ ಸೇತುವೆಯ ಕಿಲೋಮೀಟರಿಗೆ 267 ಕೋಟಿ ನೆನಪಿದೆಯಾ? ಎರಡೂ ಬೇರೆ ಬೇರೆ ವರ್ಷದ ಬೆಲೆ, ನಿಜ. ಆದ್ರೂ ಕಾಗದದ ಮೇಲೆ ರೈಲು ಅರ್ಧಕ್ಕಿಂತ ಅಗ್ಗ, ಸಾಗಿಸೋ ಜನ ಎಷ್ಟೋ ಪಟ್ಟು ಹೆಚ್ಚು.

ಭಾಗ 7/10

ಹಾಗಾದ್ರೆ 'ಬೇಕು' ಯಾಕೆ ಇಷ್ಟು ನಿಧಾನ?

ಬೇಡ ಅನ್ನೋದಕ್ಕೆ ಒಂದು ಸಹಿ ಸಾಕಿತ್ತು. ಬೇಕು ಅನ್ನೋದಕ್ಕೆ ರೈಲ್ವೆ ಮಂಡಳಿಯ ಸಹಿ, ರಾಜ್ಯದ ಸಹಿ, ಕೇಂದ್ರದ ಸಹಿ, ಜಮೀನಿನ ಸಹಿ, ಟೆಂಡರಿನ ಸಹಿ. ತಡ ಆದಾಗ ರಾಜ್ಯ ಕೇಂದ್ರವನ್ನ ತೋರಿಸುತ್ತೆ, ಕೇಂದ್ರ ರಾಜ್ಯವನ್ನ ತೋರಿಸುತ್ತೆ, ಇಬ್ಬರೂ ಸೇರಿ ಗುತ್ತಿಗೆದಾರರನ್ನ ತೋರಿಸ್ತಾರೆ. 2025ರಲ್ಲಿ ದೊಡ್ಡ ಗುತ್ತಿಗೆ ಹಿಡಿದ ಕಂಪನಿಯೇ ಒಪ್ಪಂದ ಮುರಿದುಕೊಂಡು ಹೊರಗೆ ಹೋಯ್ತು. ಪ್ರತಿಯೊಬ್ಬರ ಹತ್ತಿರಾನೂ ಒಂದು ಕಾರಣ ಇರುತ್ತೆ. ಪ್ರಯಾಣಿಕರ ಹತ್ತಿರ ಮಾತ್ರ ರೈಲು ಇರಲ್ಲ.

ಊರಿನ ಪ್ರತಿನಿಧಿನ ಕೇಳೋಣ ಅಂದ್ರೆ? ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗೀತು. ಆಮೇಲೆ ಐದು ವರ್ಷ ಕಳೆದ್ರೂ ಚುನಾವಣೆ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಇದ್ದದ್ದು ಐದಾಯ್ತು, ಕಾರ್ಪೊರೇಟರ್ ಮಾತ್ರ ಒಬ್ಬರೂ ಇಲ್ಲ. ಕೇಳೋಕೆ ಬಾಗಿಲೇ ಇಲ್ಲದ ಮನೆ.

ಇನ್ನೊಂದು ಕಾರಣ ನಮ್ಮ ಕಡೆಯದು. ಬೇಕು ಅಂದಿದ್ದು ಸಿಕ್ಕ ಮೇಲೂ ಕಾಯಬೇಕು. ಒಂದು ಉದಾಹರಣೆ: ಬೆಂಗಳೂರು ಬಸ್ ಪ್ರಯಾಣಿಕರ ವೇದಿಕೆ ಅಂತ ಇದೆ. ಗಾರ್ಮೆಂಟ್ಸ್ ಕೆಲಸಕ್ಕೆ, ಮನೆ ಕೆಲಸಕ್ಕೆ ಬಸ್ಸಲ್ಲಿ ಹೋಗೋರ ಪರವಾಗಿ ದರ ಇಳಿಸಿ, ಬಸ್ಸಿಗೆ ಪ್ರತ್ಯೇಕ ಪಥ ಕೊಡಿ ಅಂತ ವರ್ಷಗಟ್ಟಲೆ ಕೇಳಿದವರು. 2019ರ ಕೊನೆಗೆ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದವರೆಗೆ ಹೊರ ವರ್ತುಲ ರಸ್ತೆಯಲ್ಲಿ ಬಸ್ ಪಥ ಬಂತು. ಬಸ್ಸುಗಳು ನಿಜವಾಗ್ಲೂ ಬೇಗ ಹೋದವು. ಆಮೇಲೆ ಕೋವಿಡ್, ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ. ಪಥ ಮಾಯ. ಉದ್ಘಾಟನೆಗೆ ರಿಬ್ಬನ್ ಇತ್ತು, ಮಾಯ ಆಗೋಕೆ ಸಮಾರಂಭ ಇರಲಿಲ್ಲ.

ಬೇಡ ಅನ್ನೋ ಹೋರಾಟಕ್ಕೆ ಒಂದು ಭಾನುವಾರ ಸಾಕಾಗಬಹುದು. ಬೇಕು ಅನ್ನೋದಕ್ಕೆ ಎಷ್ಟೋ ವರ್ಷದ ಸೋಮವಾರಗಳು ಬೇಕು.

ಭಾಗ 8/10

ಈ ಭಾಗ ನಮ್ಮ ಬಿಕಾಂ ಸಿಲೆಬಸ್ಸಿಗೆ ಹತ್ತಿರ. ಪೇಪರ್ ಕೇಳೋದು ಹೇಗೆ ಅಂತ.

2025ರ ಫೆಬ್ರವರಿ 9. ನಮ್ಮ ಮೆಟ್ರೋ ದರ ಏರಿತು. ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿ. ಕೆಲವು ಪ್ರಯಾಣಗಳಿಗೆ ಹೆಚ್ಚು ಕಮ್ಮಿ ಡಬಲ್. ಬೆಂಗಳೂರಲ್ಲಿ ಓದ್ತಾ ಇರೋ, ಇಂಟರ್ನ್‌ಶಿಪ್ ಮಾಡ್ತಾ ಇರೋ ನಮ್ಮ ಊರಿನ ಎಷ್ಟೋ ಹುಡುಗರ ತಿಂಗಳ ಲೆಕ್ಕ ತಲೆಕೆಳಗಾಯ್ತು. ಪ್ರತಿಭಟನೆ ಆಯ್ತು, ಎಷ್ಟೋ ಜನ ಮೆಟ್ರೋ ಬಿಟ್ಟು ಮತ್ತೆ ಬೈಕ್ ಹಿಡಿದ್ರು. ಐದೇ ದಿನಕ್ಕೆ, ಫೆಬ್ರವರಿ 14ರಂದು, ಏರಿಕೆ 71% ದಾಟಬಾರದು ಅಂತ ಸ್ವಲ್ಪ ಇಳಿಸಿದ್ರು.

ಮೆಟ್ರೋ ನಡೆಸೋರಿಗೂ ಸಾಲದ ಕಂತು ಇದೆ, ಸಂಬಳ ಇದೆ, ಕರೆಂಟ್ ಬಿಲ್ ಇದೆ. 2017ರಿಂದ ದರ ಏರಿರಲಿಲ್ಲ ಅನ್ನೋದೂ ನಿಜ. ಹಾಗಾಗಿ 'ದರ ಏರಲೇಬಾರದು' ಅನ್ನೋದು ಗಟ್ಟಿ ವಾದ ಅಲ್ಲ. ಗಟ್ಟಿ ಪ್ರಶ್ನೆ ಬೇರೆ: ಯಾವ ಲೆಕ್ಕದ ಮೇಲೆ ಇಷ್ಟು?

ದರ ನಿಗದಿಗೆ ನಿವೃತ್ತ ನ್ಯಾಯಮೂರ್ತಿ ಆರ್. ತಾರಿಣಿ ಅಧ್ಯಕ್ಷತೆಯ ಸಮಿತಿ ಇತ್ತು. ಅದು ವರದಿ ಕೊಟ್ಟಿತ್ತು. ದರ ಜಾರಿಗೆ ಬಂತು, ವರದಿ ಮಾತ್ರ ಹೊರಗೆ ಬರಲಿಲ್ಲ. ಜನ ತಿಂಗಳುಗಟ್ಟಲೆ ಕೇಳಿದ್ರು. ಕೊನೆಗೆ ಸಂಸದ ತೇಜಸ್ವಿ ಸೂರ್ಯ ಹೈಕೋರ್ಟಿಗೆ ಹೋದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ, ವರದಿ ಪ್ರಕಟ ಆಯ್ತು. ಅಷ್ಟೊತ್ತಿಗೆ ಏಳು ತಿಂಗಳು ಜನ ಹೊಸ ದರ ಕಟ್ಟಿದ್ರು.

ಕಂಪನಿ ಲೆಕ್ಕಪತ್ರದಲ್ಲಿ ಹೀಗೆ ಮಾಡಿದ್ರೆ ಏನಾಗ್ತಿತ್ತು ಹೇಳಿ? ಆಡಿಟರ್ ವರದಿ ಷೇರುದಾರರಿಗೆ ತೋರಿಸಲ್ಲ, ದುಡ್ಡು ಮಾತ್ರ ಕಟ್ಟಿ ಅಂದ್ರೆ? ಆಡಿಟಿಂಗ್ ಮೊದಲ ಪಾಠದಲ್ಲೇ ನಾವು ಓದಿದ್ದೀವಿ, ವೋಚರ್ ಇಲ್ಲದ ಖರ್ಚು ಒಪ್ಪಬಾರದು ಅಂತ. ಸಾರ್ವಜನಿಕ ಸಾರಿಗೆಯಲ್ಲಿ ಷೇರುದಾರರು ನಾವೇ. ವರದಿಯೇ ವೋಚರ್.

ಭಾಗ 9/10

'ಬೇಕು' ಅಂತ ಕೇಳಿ ಗೆದ್ದವರು ಯಾರೂ ಇಲ್ವಾ? ಇದ್ದಾರೆ. ಇದಕ್ಕೆ ಮಾತ್ರ ಮತ್ತೊಮ್ಮೆ ಅಮೆರಿಕಕ್ಕೆ ಹೋಗಿ ಬರೋಣ. ಊರು ಲಾಸ್ ಏಂಜಲೀಸ್.

1994ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಬಸ್ ದರ ಏರಿಸಿ, ತಿಂಗಳ ಪಾಸನ್ನೇ ತೆಗೆದುಹಾಕೋಕೆ ಹೊರಟಿತು. ಆಗ ಸಂಸ್ಥೆಯ ದುಡ್ಡು ದೊಡ್ಡ ರೈಲು ಯೋಜನೆಗಳಿಗೆ ಹೋಗ್ತಾ ಇತ್ತು. ಬಸ್ಸಲ್ಲಿ ಹೋಗೋರು ಬಹುತೇಕ ಬಡವರು, ಕಪ್ಪು ಜನ, ಮೆಕ್ಸಿಕೋ ಕಡೆಯಿಂದ ಬಂದವರು. ಬಸ್ಸು ತುಂಬಿ ತುಳುಕ್ತಾ ಇತ್ತು. ಬಸ್ ರೈಡರ್ಸ್ ಯೂನಿಯನ್ ಅನ್ನೋ ಪ್ರಯಾಣಿಕರ ಸಂಘ ಮತ್ತು ಅದರ ಜೊತೆಗಿನವರು ಕೋರ್ಟಿಗೆ ಹೋದ್ರು. 1996ರಲ್ಲಿ ರಾಜಿ ಒಪ್ಪಂದ ಆಯ್ತು, ಕೋರ್ಟಿನ ಮುದ್ರೆ ಸಮೇತ, ಹತ್ತು ವರ್ಷದ ಅವಧಿಗೆ.

ಆ ಒಪ್ಪಂದದಲ್ಲಿ ಏನಿತ್ತು ನೋಡಿ. 'ಬಸ್ ಸೇವೆ ಸುಧಾರಿಸಲಾಗುವುದು' ಅಂತ ಬರೆದು ಬಿಡಲಿಲ್ಲ. ಜನಜಂಗುಳಿ ಹೊತ್ತಿನಲ್ಲಿ ಬಸ್ಸಲ್ಲಿ ನಿಂತು ಹೋಗೋರ ಸರಾಸರಿ ಸಂಖ್ಯೆ ಮೊದಲು 15ಕ್ಕೆ ಇಳಿಯಬೇಕು, ಆಮೇಲೆ ಹಂತ ಹಂತವಾಗಿ 8ಕ್ಕೆ ಇಳಿಯಬೇಕು ಅಂತ ಇತ್ತು. ಪ್ರತಿ ಹಂತಕ್ಕೂ ಇಸವಿ ಇತ್ತು. ನೋಡಿಕೊಳ್ಳೋಕೆ ಕೋರ್ಟ್ ನೇಮಿಸಿದ ಒಬ್ಬ ಮೇಲ್ವಿಚಾರಕರು ಇದ್ರು. ಸಂಸ್ಥೆ ಗುರಿ ತಪ್ಪಿಸಿತು, ಮೇಲ್ವಿಚಾರಕರು ಹೊಸ ಬಸ್ ತಗೊಳ್ಳಿ ಅಂತ ಆದೇಶ ಕೊಟ್ರು. ಸಂಸ್ಥೆ ಮೇಲಿನ ಕೋರ್ಟಿಗೆ ಹೋಯ್ತು, ಅಲ್ಲೂ ಆಗಲಿಲ್ಲ. ಅಷ್ಟು ವರ್ಷ ಪ್ರಯಾಣಿಕರು ಬಸ್ ಒಳಗೇ ಸಂಘಟನೆ ಮಾಡ್ತಾ ಇದ್ರು.

ಇಲ್ಲಿ 'ಬೇಕು' ಅನ್ನೋದನ್ನ ಅವರು ಹೇಗೆ ಬದಲಾಯಿಸಿದ್ರು ಗೊತ್ತಾಯ್ತಾ? ಒಂದು ಸಂಖ್ಯೆ, ಒಂದು ತಾರೀಖು, ಜವಾಬ್ದಾರಿ ಇರೋ ಒಂದು ಹೆಸರು, ಆಮೇಲೆ ಎಣಿಸ್ತಾನೇ ಇರೋ ಜನ. 'ಬಸ್ ಜಾಸ್ತಿ ಬೇಕು' ಅಂದ್ರೆ 'ಪರಿಶೀಲಿಸಲಾಗುವುದು' ಅನ್ನಬಹುದು. '15 ಜನಕ್ಕಿಂತ ಹೆಚ್ಚು ನಿಲ್ಲಬಾರದು' ಅಂದ್ರೆ ಹೌದು ಅಥವಾ ಇಲ್ಲ ಅಂತಲೇ ಹೇಳಬೇಕು.

ಭಾಗ 10/10

ಈಗ ನಮ್ಮ ಕರಾವಳಿ.

ಬೆಂಗಳೂರಿಗೆ ಹೋಗೋಕೆ ನೀವು ಹತ್ತೋ ಪಂಚಗಂಗಾ ರೈಲು 2020ರ ಮಾರ್ಚ್‌ನಲ್ಲಿ ಶುರುವಾಯ್ತು. ಅದಕ್ಕೂ ಮುಂಚೆ ಕರಾವಳಿಯ ಪ್ರಯಾಣಿಕರ ಸಂಘಟನೆಗಳು ವರ್ಷಗಟ್ಟಲೆ ಕೇಳಿದ್ದು ಬರೀ 'ರೈಲು ಕೊಡಿ' ಅಂತಲ್ಲ. ಮಂಗಳೂರಿನೊಳಗೆ ಹೋಗಿ ಗಂಟೆಗಟ್ಟಲೆ ನಿಲ್ಲೋದು ಬೇಡ, ಪಡೀಲ್ ಬೈಪಾಸ್ ಮೂಲಕ ನೇರ ಬಿಡಿ ಅಂತ ದಾರಿಯನ್ನೂ ಹೇಳಿ ಕೇಳಿದ್ರು. ಸ್ಪಷ್ಟ 'ಬೇಕು' ನಮ್ಮ ಕಡೆಯೂ ಗೆದ್ದಿದೆ.

ಕಷ್ಟದ ಉದಾಹರಣೆಯೂ ಇದೆ. ಹುಬ್ಬಳ್ಳಿ-ಅಂಕೋಲಾ ರೈಲು. 1999ರಲ್ಲಿ ಪ್ರಧಾನಿ ವಾಜಪೇಯಿ ಶಂಕುಸ್ಥಾಪನೆ ಮಾಡಿದ್ರು. 164 ಕಿಲೋಮೀಟರ್, ನಡುವೆ ಪಶ್ಚಿಮ ಘಟ್ಟದ ದಟ್ಟ ಕಾಡು. ಇಲ್ಲಿ 'ಬೇಕು' ಅನ್ನೋರೂ ಜನ, 'ಬೇಡ' ಅನ್ನೋರೂ ಜನ. ಅಂಕೋಲೆಯಲ್ಲಿ ರೈಲಿಗೆ ಧರಣಿ ಕೂತವರಿಗೂ ಕಾಡು ಬೇಕು, ಕೋರ್ಟಿಗೆ ಹೋದ ಪರಿಸರದವರಿಗೂ ಆಸ್ಪತ್ರೆಗೆ ಹೋಗೋಕೆ ದಾರಿ ಬೇಕು. ಯಾರೋ ಒಬ್ಬರು ಕೆಟ್ಟವರು ಅಂತ ಹೇಳಿ ಮುಗಿಸೋ ಕಥೆ ಅಲ್ಲ. ಅದಕ್ಕೇ ಒಂದು ದಿನ ಅದರ ಮೇಲೇ ಬೇರೆ ಸರಣಿ ಬರೀತೀನಿ.

ಇನ್ನು ಕಾಳಿ ಸೇತುವೆ. 2024ರ ಆಗಸ್ಟ್ 7, ಮಧ್ಯರಾತ್ರಿ ದಾಟಿದ ಮೇಲೆ ಹಳೇ ಸೇತುವೆ ಕುಸಿದು ಒಂದು ಲಾರಿ ನದಿಗೆ ಬಿತ್ತು. ಚಾಲಕರನ್ನ ಬದುಕಿಸಿದ್ರು. ಅದೇ ಸೇತುವೆ ಮೇಲೆ ಹಗಲು ಹೊತ್ತು ಕಾಲೇಜು ಮಕ್ಕಳು ತುಂಬಿದ ಬಸ್ಸುಗಳು ಓಡ್ತಾ ಇದ್ದವು. ಕುಸಿದ ಮರುದಿನ ಎಲ್ಲರೂ ಕೇಳಿದ ಪ್ರಶ್ನೆ: ಕೊನೆಯ ಸಲ ತಪಾಸಣೆ ಮಾಡಿದ್ದು ಯಾವಾಗ, ವರದಿ ಎಲ್ಲಿ? ಸರಿಯಾದ ಪ್ರಶ್ನೆ. ಅದನ್ನ ಕುಸಿಯೋ ಮುಂಚೆ ಕೇಳೋದು ನಾಗರಿಕರ ಕೆಲಸ. ಈಗ ಎರಡೂ ದಿಕ್ಕಿನ ವಾಹನಗಳನ್ನ ಹೊರುತ್ತಿರೋ ಸೇತುವೆ ಬಗ್ಗೆಯೂ ಅದೇ ಪ್ರಶ್ನೆ ಇವತ್ತು ಕೇಳಬಹುದು.

ಹೇಗೆ ಕೇಳೋದು? ಮಾಹಿತಿ ಹಕ್ಕು ಕಾಯ್ದೆ, 2005. ಅರ್ಜಿ ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ಕಚೇರಿಗಳಿಗೆ ಬರೆಯೋವಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನಮ್ಮ ಇಂಟರ್ನಲ್ಸ್ ಉತ್ತರಕ್ಕಿಂತ ಚಿಕ್ಕದು. ಸೇತುವೆ ರಾಷ್ಟ್ರೀಯ ಹೆದ್ದಾರಿಯದು, ಹಾಗಾಗಿ ಆ ಪ್ರಶ್ನೆ ಹೆದ್ದಾರಿ ಪ್ರಾಧಿಕಾರಕ್ಕೆ. ಬಸ್ ಪ್ರಶ್ನೆ ಶಿರಸಿಯ ವಿಭಾಗೀಯ ಕಚೇರಿಗೆ. 'ಬಸ್ ಯಾಕೆ ಸರಿ ಇಲ್ಲ' ಅಂತ ಕೇಳಬೇಡಿ. 'ಈ ರೂಟಿನಲ್ಲಿ ಕಳೆದ ತಿಂಗಳು ಒಟ್ಟು ಎಷ್ಟು ಟ್ರಿಪ್ ನಿಗದಿ ಇತ್ತು, ಎಷ್ಟು ಓಡಿತು, ರದ್ದಾಗಿದ್ದು ಯಾರ ಆದೇಶದ ಮೇಲೆ' ಅಂತ ಕೇಳಿ. ಉತ್ತರ ಬಂದ ಮೇಲೆ ಅದನ್ನ ಗ್ರಾಮಸಭೆಗೆ ತಗೊಂಡು ಹೋಗಿ ಠರಾವು ಮಾಡಿಸಿ. ಪಂಚಾಯತಿಗೆ ಬಸ್ ಬಿಡೋ ಅಧಿಕಾರ ಇಲ್ಲ, ಆದ್ರೆ ಊರಿನ ಪರವಾಗಿ ಬರೆದು ಕೇಳೋದನ್ನ ಯಾರೂ ತಡೆಯಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಅದೇ ಪ್ರಶ್ನೆ ಕೇಳಿ. ನಾವು ಡಿಗ್ರಿ ಮುಗಿಸಿ ಹೊರಟರೆ ಜೂನಿಯರ್‌ಗಳಿಗೆ ಫೈಲ್ ಕೊಟ್ಟು ಹೋಗಿ. ಚುಕು ಬುಕು ನಿಧಾನ ಆಗಿದ್ದಕ್ಕೆ ಅಧಿಕಾರಿಗಳ ವರ್ಗಾವಣೆ ಒಂದು ಕಾರಣ ಆದ್ರೆ, ವಿದ್ಯಾರ್ಥಿಗಳ ಹೋರಾಟ ನಿಲ್ಲೋದಕ್ಕೆ ನಮ್ಮ ಕೊನೇ ಸೆಮಿಸ್ಟರ್ ಕಾರಣ.

ನಮ್ಮೂರ ಸಾತೇರಿ ದೇವಿಯ ಬಾಗಿಲು ವರ್ಷಕ್ಕೆ ಏಳು ದಿನ ಮಾತ್ರ ತೆರೆಯುತ್ತೆ. ಆ ಏಳು ದಿನಕ್ಕೆ ಎಲ್ಲೆಲ್ಲಿಂದಲೋ ಜನ ಬಂದು ಸಾಲಲ್ಲಿ ನಿಲ್ತಾರೆ. ಸರ್ಕಾರಿ ಕಚೇರಿಯ ಬಾಗಿಲು ರಜೆ ಬಿಟ್ಟು ವರ್ಷವಿಡೀ ತೆರೆದಿರುತ್ತೆ. ಅಲ್ಲಿ ಸಾಲೇ ಇರಲ್ಲ.

ಕಾಮೆಂಟ್‌ನಲ್ಲಿ ನಿಮ್ಮ ರೂಟ್ ಹೆಸರು ಮತ್ತು ನಿಮ್ಮ ಒಂದೇ ಒಂದು ಪ್ರಶ್ನೆ ಬರೀರಿ. ಸಿಟ್ಟು ಬೇಡ, ಸಂಖ್ಯೆ ಬೇಕು. ಹತ್ತು ಪ್ರಶ್ನೆ ಸೇರಿದ ದಿನ ಹತ್ತು ಅರ್ಜಿ ಬರೆಯೋಣ.

#ಲೆಕ್ಕಕೊಡಿ #ಬಸ್‌ಬೇಕು #ಕಾರವಾರ #ಅಂಕೋಲಾ #ಹಣಕೋಣ #ಇತಿಹಾಸದಸರಣಿ